ನೀಲಿ ಕೈಗೊಂದು ಕೆಂಡ

ನಮ್ಮೂರಿನಲ್ಲಿ ಮನೆಯೊಳಗೆ ಬೆಂಕಿ ಹುಟ್ಟಿಸುವ ಹಾಗಿಲ್ಲ. ಬೆಂಕಿ ಏನಿದ್ದರೂ ಕೆಲಸದ ಜೊತೆಗೇ ಮನೆಗೆ ಬರಬೇಕು. ಬೆಳಿಗ್ಗೆ ದುಡಿಯಲು ಹೋದವರು ಸಂಜೆ ಹೊರಡುವಾಗ, ಯಾರ ಅಂಗಳದಲ್ಲಿ ದುಡಿದರೋ ಆ ಅಂಗಳದವರು ಅವರ ಕುಡಿಕೆಗೆ ಒಂದು ಕೆಂಡ ಹಾಕಿ ಕಳಿಸಬೇಕು. ಆ ಕೆಂಡದಿಂದಲೇ ಒಲೆ ಹೊತ್ತಬೇಕು, ಅನ್ನ ಬೇಯಬೇಕು, ಮೈ ಬೆಚ್ಚಗಾಗಬೇಕು. ಬೆಳಗಾಗುತ್ತಲೇ ಒಲೆಗೆ ನೀರು ಹಾಕಿ ಆರಿಸಿ ಮತ್ತೆ ಕೆಲಸಕ್ಕೆ ಹೊರಡಬೇಕು. ಹಗಲಿನಲ್ಲೂ ಮನೆಯೊಳಗೆ ಬೆಂಕಿ ಉಳಿಸಿಕೊಳ್ಳುವ ಹಕ್ಕು ಬಾಣಂತಿಗೆ ಮಾತ್ರ ಉಂಟು. ಬಾಣಂತಿ ಕೋಣೆಯ ಬೆಂಕಿಯನ್ನು ಅವಳು ಮಗು ಎತ್ತಿಕೊಂಡು ಹೊಸಿಲು ದಾಟುವ ತನಕ ಯಾರೂ ಆರಿಸಕೂಡದು.

ಇನ್ನೊಂದು ಮಾತು. ಒಬ್ಬರ ಕೆಂಡ ಇನ್ನೊಬ್ಬರ ಕುಡಿಕೆಗೆ ಹೋಗಬಾರದು. ಕೊಟ್ಟರೆ ಕೊಟ್ಟವರ ಕೆಲಸ ಮರುದಿನವೇ ಹೋಗುತ್ತದೆ. ಇದನ್ನೆಲ್ಲ ಯಾರು ಮಾಡಿದರು, ಯಾವಾಗ ಮಾಡಿದರು ಅಂತ ನನ್ನನ್ನು ಕೇಳಬೇಡಿ. ನಾನು ಹುಟ್ಟಿದಾಗಲೂ ಹೀಗೇ ಇತ್ತು, ನನ್ನಪ್ಪ ಹುಟ್ಟಿದಾಗಲೂ ಹೀಗೇ ಇತ್ತಂತೆ.

ಹಾಗಾದರೆ ಕೆಲಸ ಹೋದವರ ಗತಿ? ಅದಕ್ಕೂ ಹಿರಿಯರು ಒಂದು ದಾರಿ ಮಾಡಿದ್ದರು. ಊರ ನಡುವೆ ದೊಡ್ಡೊಲೆಯ ಮನೆ ಇದೆ. ದುಡಿದು ಮನೆಗೆ ಹೋಗುವ ಪ್ರತಿಯೊಬ್ಬರೂ ಆ ಮನೆಯ ಗೋಡೆಗೆ ಒಂದು ತುಂಡು ಸೌದೆ ಒರಗಿಸಿ ಹೋಗಬೇಕು. ಆ ಸೌದೆಯಲ್ಲಿ ದೊಡ್ಡೊಲೆ ಹಗಲೂ ರಾತ್ರಿ ಉರಿಯಬೇಕು. ಯಾವತ್ತಾದರೂ ನಿಮ್ಮ ಕೆಲಸ ಹೋದರೆ ಅಲ್ಲಿಗೆ ಹೋಗಿ ಕೆಂಡ ಕೇಳಬಹುದು. ನಾನೂ ದೋಣಿ ನಡೆಸುತ್ತಿದ್ದಷ್ಟು ಕಾಲ ಒಂದು ಸಂಜೆಯೂ ತಪ್ಪದೆ ಸೌದೆ ಒರಗಿಸಿದವನೇ. ಒರಗಿಸುವಾಗ, ಪಾಪ ಯಾರಿಗೋ ಆಗುತ್ತೆ ಅಂದುಕೊಳ್ಳುತ್ತಿದ್ದೆ. ಆ ಯಾರೋ ನಾನೇ ಆದೇನು ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.

ಕೇಳಬಹುದು ಅಂದೆ. ಕೇಳಿದ ಕೂಡಲೇ ಕೊಡುತ್ತಾರೆ ಅಂದೆನಾ? ಇಲ್ಲ.

ಕೆಂಡ ಬೇಕಾದವರು ನಿಜಕ್ಕೂ ಕೆಲಸವಿಲ್ಲದವರೋ ಅಲ್ಲವೋ ಅಂತ ಮೊದಲು ತಿಳಿಯಬೇಕಲ್ಲ. ಅದಕ್ಕೆ ಬೂದಿ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ದೊಡ್ಡೊಲೆಯ ಅಂಗಳದಲ್ಲಿ ಸಾಲಾಗಿ ಕೂರಬೇಕು. ಆ ಮನೆಯ ಬಾಗಿಲು ಕಾಯುವ ಬಾಗಿಲವನು ಹೊರಗೆ ಬಂದು "ಕೈ ಚಾಚಿ" ಅನ್ನುತ್ತಾನೆ. ಚಾಚಿದ ಅಂಗೈಗೆ ಬೂದಿ ಹಚ್ಚುತ್ತಾನೆ. ಆಮೇಲೆ ಸಂಜೆಯವರೆಗೂ ಅಂಗೈ ಆಕಾಶಕ್ಕೆ ಮಾಡಿಕೊಂಡು ಕೂತಿರಬೇಕು. ಸಂಜೆ ಅವನು ಮತ್ತೆ ಬಂದು "ಕೈ ತೋರಿಸಿ" ಅನ್ನುತ್ತಾನೆ. ಬೂದಿ ಹಚ್ಚಿದ ಹಾಗೇ ಇದ್ದರೆ ಆ ದಿನ ಲೆಕ್ಕಕ್ಕೆ ಬಂತು. ಎಲ್ಲಾದರೂ ಉಜ್ಜಿಹೋಗಿದ್ದರೆ ಕೈ ಕೆಲಸ ಮಾಡಿದೆ ಅಂತ ಅರ್ಥ, ಮುಂದಿನ ಅಮಾವಾಸ್ಯೆಗೆ ಮೊದಲಿಂದ ಶುರು. ಹೀಗೆ ಹುಣ್ಣಿಮೆ ಸಂಜೆಯವರೆಗೂ ಬೂದಿ ಕಾಯಬೇಕು. ಬೆಳಿಗ್ಗೆ ಕೈ ಚಾಚಿ, ಸಂಜೆ ಕೈ ತೋರಿಸಿ. ಬೆಳಿಗ್ಗೆ ಕೈ ಚಾಚಿ, ಸಂಜೆ ಕೈ ತೋರಿಸಿ. ಮೈ ತುರಿಸುವಂತಿಲ್ಲ, ನೊಣ ಓಡಿಸುವಂತಿಲ್ಲ, ಊಟವನ್ನೂ ಮನೆಯವರೇ ಬಂದು ಬಾಯಿಗೆ ತುತ್ತಿಡಬೇಕು.

ಇಷ್ಟೂ ಆದ ಮೇಲೆ ಹುಣ್ಣಿಮೆ ಸಂಜೆ ಬಾಗಿಲ ಪಕ್ಕದ ಗುಂಡುಕಲ್ಲು ಎತ್ತಿ ತೋರಿಸಬೇಕು. ಕೆಲಸ ಇರಬಾರದು, ಆದರೆ ಕೆಲಸ ಮಾಡುವ ಶಕ್ತಿ ಇರಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ, ಒಂದು ಕಾಲಕ್ಕೆ ಹಗ್ಗ ಹೊಸೆಯುತ್ತಿದ್ದ ಹಗ್ಗದಜ್ಜಿ ಬೂದಿಯನ್ನು ಚೆನ್ನಾಗಿಯೇ ಕಾಯುತ್ತಿದ್ದಳು, ಕಲ್ಲು ಮಾತ್ರ ಎತ್ತಲಾರಳು. ನೀವು ಕೆಲಸ ಹೋದವರಲ್ಲ ವಯಸ್ಸಾದವರು, ಹಿಂದಿನ ಬಾಗಿಲಿಗೆ ಹೋಗಿ ಅಂತ ಇಲ್ಲಿ ಹೇಳಿದರು. ಹೋದಳು. ಇಷ್ಟು ದಿನ ಕೈ ಎತ್ತಿಕೊಂಡು ಕೂರುವ ಶಕ್ತಿ ಇದೆಯಲ್ಲ, ಮುಂದಿನ ಬಾಗಿಲಿಗೇ ಹೋಗಿ ಅಂತ ಅಲ್ಲಿ ಹೇಳಿದರು. ಅಜ್ಜಿ ಎಷ್ಟು ಅಮಾವಾಸ್ಯೆ ಕಂಡಿದ್ದಳೋ ಅವಳಿಗೇ ಮರೆತುಹೋಗಿತ್ತು. ಬೆಂಕಿ ಅಂದರೆ ಯಾವ ಬಣ್ಣ ಮಾರಾಯ ಅಂತ ನನ್ನನ್ನೇ ಕೇಳಿ ನಗುತ್ತಿದ್ದಳು.

ನನ್ನ ಕಥೆಯೂ ಅಷ್ಟೇ ಚಂದ. ಹೊಳೆಗೆ ಸೇತುವೆ ಬಂತು, ದೋಣಿಗೆ ಜನ ಬರುವುದು ನಿಂತಿತು. ಬಾಗಿಲವನು ಕೇಳಿದ, ಹೊಳೆ ಇದೆಯಾ? ಇದೆ ಅಂದೆ. ದೋಣಿ ಇದೆಯಾ? ಇದೆ ಅಂದೆ. ಹಾಗಾದರೆ ಕೆಲಸ ಹೇಗೆ ಹೋಯಿತು, ಒಳಗೆ ಕೇಳಿ ಹೇಳ್ತೀನಿ ಅಂದ. ಕೇಳುತ್ತಲೇ ಇದ್ದ.

ಒಳಗೆ ಅಂದರೆ ಯಾರು? ನಾವು ಯಾರೂ ಕಂಡವರಲ್ಲ. ಬಾಗಿಲಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಸಂಜೆ ನಮ್ಮ ಕೈ ನೋಡಿದ ಮೇಲೆ ಬಾಗಿಲವನು ತನ್ನ ಕುಡಿಕೆಯನ್ನು ಆ ಕಿಂಡಿಗೆ ಒಡ್ಡುತ್ತಿದ್ದ. ಒಳಗಿಂದ ಒಂದು ಕಬ್ಬಿಣದ ಇಕ್ಕಳ ಬಂದು ಅವನ ಕುಡಿಕೆಗೆ ಕೆಂಡ ಹಾಕಿ ಹೋಗುತ್ತಿತ್ತು. ಅವನೂ ದುಡಿಯುವವನೇ, ಅವನ ಕೂಲಿ ಅದು. ಆ ಇಕ್ಕಳ, ಆ ಕೆಂಪು, ಆಮೇಲೆ ಅವನು ಕುಡಿಕೆಗೆ ಕೈ ಮರೆ ಮಾಡಿಕೊಂಡು ನಮ್ಮ ಮುಂದೆಯೇ ಮನೆಗೆ ನಡೆದುಹೋಗುವುದು. ದಿನಾ ನೋಡುತ್ತಿದ್ದೆವು. ಅವನು ಕೆಟ್ಟವನೇನಲ್ಲ ಕಣ್ರೀ. ಒಂದು ದಿನಕ್ಕೂ ದನಿ ಏರಿಸಿದವನಲ್ಲ. ಎಲ್ಲರಿಗೂ ತಾಯಿ, ಅಣ್ಣ ಅಂತಲೇ ಮಾತು. ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತಿದ್ದದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಮಾಗಿಯ ಚಳಿ ಕಚ್ಚಲು ಶುರುವಾದಾಗ ಬಣ್ಣದಾಕೆ ಬಂದಳು.

ಬಣ್ಣದಂಗಳದಲ್ಲಿ ನೀಲಿ ತೊಟ್ಟಿಗೆ ಬಟ್ಟೆ ಅದ್ದುತ್ತಿದ್ದವಳು. ಮದುವೆಗೆ ಮೊದಲೇ ಅದ್ದಲು ಶುರುಮಾಡಿ, ಗಂಡ ಸತ್ತ ಮೇಲೂ ಅದ್ದಿ, ಮಗಳನ್ನು ಆ ನೀಲಿಯಲ್ಲೇ ದೊಡ್ಡವಳು ಮಾಡಿದ್ದಳು. ಮೊಣಕೈವರೆಗೂ ನೀಲಿ. ಉಗುರೂ ನೀಲಿ, ಅಂಗೈಯ ಗೆರೆಯೂ ನೀಲಿ. ಈಗ ಊರಿನವರಿಗೆ ನೀಲಿ ಬೇಡವಾಗಿತ್ತು. ಬಣ್ಣದಂಗಳದ ಯಜಮಾನ ತೊಟ್ಟಿಗಳನ್ನು ಒಣಗಿಸಿದ, ಇವಳ ಕುಡಿಕೆ ಖಾಲಿಯಾಯಿತು. ಮನೆಯಲ್ಲಿ ಮಗಳು ಬಸುರಿ. ಅಳಿಯ ಉಪ್ಪಿನ ಬಂಡಿಗಳ ಜೊತೆ ದೂರ ಹೋದವನು ಮಳೆಗಾಲ ಕಳೆದಲ್ಲದೆ ಬರುವವನಲ್ಲ. ಹೆರಿಗೆಯ ಹೊತ್ತಿಗೆ ಒಂದೇ ಒಂದು ಕೆಂಡ ಸಿಕ್ಕರೆ ಸಾಕು, ಆಮೇಲೆ ಅದು ಬಾಣಂತಿ ಬೆಂಕಿ, ಯಾರೂ ಆರಿಸುವಂತಿಲ್ಲ ಅಂತ ಅವಳು ಬಂದ ದಿನವೇ ನಮಗೆ ಹೇಳಿದಳು. ಕೆಂಡ ಇಲ್ಲದಿದ್ದರೆ ಈ ಚಳಿಯಲ್ಲಿ, ತಣ್ಣೀರಿನಲ್ಲಿ, ಎಳೆಗೂಸು ಉಳಿದೀತಾ ಅಂದಳು.

ಬಾಗಿಲವನು ತನ್ನ ಮೊದಲ ಪ್ರಶ್ನೆ ಕೇಳಿದ. ಎಲ್ಲರಿಗೂ ಕೇಳುವ ಪ್ರಶ್ನೆಯೇ.

"ಕೆಲಸ ನಿಮ್ಮನ್ನ ಬಿಡ್ತೋ ತಾಯಿ, ನೀವು ಕೆಲಸ ಬಿಟ್ರೋ?"

ಕೆಲಸ ನನ್ನನ್ನು ಬಿಟ್ಟಿತು ಅಂದಳು. ಹಾಗಾದರೆ ಬಿಡಿಸಿದವರು ಬಂದು ಹೇಳಬೇಕು ಅಂದ. ಅವಳು ಯಜಮಾನನ ಮನೆಗೆ ಹೋದಳು. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಅಂತ ಅವನು ಸತಾಯಿಸಿದ. ಬೂದಿ ಹಚ್ಚುವ ಬೆಳಿಗ್ಗೆ ಕಳೆದುಹೋಯಿತು, ಹುಣ್ಣಿಮೆಯೂ ಕಳೆದುಹೋಯಿತು. ಕೊನೆಗೆ ಒಂದು ಮಧ್ಯಾಹ್ನ ಶಾಲು ಹೊದ್ದುಕೊಂಡು ಬಂದ. ಬಂದು ಏನಂದ ಅನ್ನುತ್ತೀರಿ? ನಾನು ಯಾರನ್ನೂ ಕಳಿಸಿಲ್ಲ, ತೊಟ್ಟಿ ಒಣಗಿಸಿದೆ ಅಷ್ಟೆ, ಒಣಗಿದ ತೊಟ್ಟಿ ಪಕ್ಕ ಈಕೆ ಕೂತಿದ್ದರೆ ಬೇಡ ಅಂತಿದ್ನಾ ಅಂದ.

"ಕೂತಿದ್ರೆ ಕೆಂಡ ಕೊಡ್ತಿದ್ರಾ ಯಜಮಾನ್ರೇ?" ಅಂತ ಅವಳು ಕೇಳಿದಳು.

"ಕೆಲಸ ಇಲ್ದೆ ಕೆಂಡ ಹೇಗಮ್ಮಾ ಕೊಡೋದು?" ಅಂದ ಅವನು. ಹೇಳುವಾಗ ನಾಚಿಕೆಯೂ ಇರಲಿಲ್ಲ ಅವನ ಮುಖದಲ್ಲಿ.

ಬಾಗಿಲವನು ಇಬ್ಬರನ್ನೂ ನೋಡಿದ. ಕೆಲಸ ಇವಳನ್ನು ಬಿಟ್ಟಿತು ಅಂತ ಯಜಮಾನ ಹೇಳಲಿಲ್ಲ, ಇವಳೇ ಕೆಲಸ ಬಿಟ್ಟಳು ಅಂತಲೂ ಹೇಳಲಿಲ್ಲ. ಇಂಥದ್ದು ನನ್ನ ಕೈಲಿಲ್ಲ, ಒಳಗೆ ಕೇಳಿ ಹೇಳ್ತೀನಿ ಅಂದ. ಅಲ್ಲಿಯ ತನಕ ಸಾಲಿನಲ್ಲಿ ಕೂತು ಬೂದಿ ಕಾಯಬಹುದು ಅಂದ. ಒಳಗಿಂದ ಬರುವ ಮಾತು ಅವಳ ಕಡೆಗೆ ಬಂದರೆ ಕೂತದ್ದು ಲೆಕ್ಕಕ್ಕೆ ಬರುತ್ತದೆ, ಬರದಿದ್ದರೆ ಕೂತದ್ದು ಸುಮ್ಮನೆ ಕೂತದ್ದು ಅಂತಲೂ ಹೇಳಿದ.

ಅವಳು ಮುಂದಿನ ಅಮಾವಾಸ್ಯೆಯ ಮರುದಿನ ನನ್ನ ಎಡಕ್ಕೆ ಬಂದು ಕೂತಳು. ಬೂದಿ ಹಚ್ಚಿಸಿಕೊಂಡಳು. ಸಂಜೆ ಬಾಗಿಲವನು ಅವಳ ಅಂಗೈ ಮುಂದೆ ನಿಂತವನು ಮುಂದಕ್ಕೆ ಹೋಗಲೇ ಇಲ್ಲ. ಬಗ್ಗಿ ನೋಡಿದ, ಕಣ್ಣು ಕಿರಿದು ಮಾಡಿ ನೋಡಿದ. ಬೂದಿಯ ಕೆಳಗಿಂದ ನೀಲಿ ಇಣುಕುತ್ತಿತ್ತು. ಬೂದಿ ಉಜ್ಜಿಹೋಗಿ ಕಾಣುತ್ತಿದೆಯೋ, ಬೂದಿ ಇದ್ದೂ ಕಾಣುತ್ತಿದೆಯೋ ಅವನಿಗೆ ಗೊತ್ತಾಗಲಿಲ್ಲ.

"ಇದು ಕೆಲಸ ಮಾಡೋ ಕೈ ತಾಯಿ," ಅಂದ. "ಬಣ್ಣ ಹೋದ ಮೇಲೆ ಬನ್ನಿ."

ಅವಳೂ ನಮ್ಮೂರಿನವಳೇ ತಾನೇ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಆ ರಾತ್ರಿಯೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದಳಂತೆ, ಮರಳು ಹಾಕಿ ಉಜ್ಜಿದಳಂತೆ, ಹುಳಿ ಮಜ್ಜಿಗೆಯಲ್ಲಿ ನೆನೆಸಿದಳಂತೆ. ಬೆಳಿಗ್ಗೆ ಬಂದಾಗ ಅಂಗೈ ಕೆಂಪಗೆ ಸುಲಿದುಹೋಗಿತ್ತು, ಸುಲಿದ ಚರ್ಮದ ಕೆಳಗೂ ನೀಲಿಯೇ ಇತ್ತು. ಬಾಗಿಲವನು ನೋಡಿ, ಕೈ ಉಜ್ಜಿದ್ದೀರಲ್ಲ ಅಂದ. ಹೌದು ಅಂದಳು. ಉಜ್ಜುವುದೂ ಕೆಲಸವೇ ತಾಯಿ, ಅದೂ ನಿನ್ನೆಯ ಬೂದಿ ಇದ್ದ ಕೈಯಲ್ಲಿ ಅಂದ. ಮುಂದಿನ ಅಮಾವಾಸ್ಯೆಗೆ ಬನ್ನಿ.

ನನಗೆ ರೇಗಿಹೋಯಿತು. ಎದ್ದು ಅವನ ಕತ್ತಿನ ಪಟ್ಟಿ ಹಿಡಿಯೋಣ ಅನ್ನಿಸಿತು. ಆದರೆ ನನ್ನ ಅಂಗೈಯಲ್ಲಿ ಬೂದಿ ಇತ್ತು. ಅಂಗೈಯಲ್ಲಿ ಬೂದಿ ಇದ್ದವನು ಯಾರ ಕತ್ತನ್ನು ಹಿಡಿದಾನು? ಹಗ್ಗದಜ್ಜಿ ಮಾತ್ರ ಬಾಗಿಲವನನ್ನು ನೋಡಿ, ನಿನ್ನ ಅಂಗೈ ಒಂದ್ಸಲ ತೋರಿಸಪ್ಪ ಅಂದಳು. ಅವನು ತೋರಿಸಲಿಲ್ಲ. ನಾವು ದಿನಾ ನೋಡುತ್ತಿದ್ದೆವಲ್ಲ, ವರ್ಷಾನುಗಟ್ಟಲೆ ಬೂದಿ ಹಚ್ಚಿ ಹಚ್ಚಿ ಅವನ ಅಂಗೈ ತೊಳೆದರೂ ಬೂದುಬಣ್ಣವೇ ಆಗಿತ್ತು.

ಹೀಗೆ ಇನ್ನೊಂದು ಹುಣ್ಣಿಮೆ ಹೋಯಿತು. ಬಣ್ಣದಾಕೆ ಬಿಡಲಿಲ್ಲ. ಸಾಲಿನಲ್ಲಿ ಜಾಗವಿಲ್ಲದಿದ್ದರೂ ದಿನಾ ಬಂದು ಬಾಗಿಲ ಹತ್ತಿರ ನಿಂತು, ಒಳಗೆ ಕೇಳಿದ್ರಾ ಅಂತ ಕೇಳುವಳು. ಕೇಳ್ತೀನಿ ಅನ್ನುವನು. ಕೇಳಿದ್ರಾ? ಕೇಳಿದೀನಿ, ಹೇಳ್ಬೇಕು. ಹೇಳಿದ್ರಾ? ಹೇಳ್ತಾರೆ. ಯಜಮಾನನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕೈಯ ಪ್ರಶ್ನೆಗೆ ಮಾತ್ರ ಅಮಾವಾಸ್ಯೆಯ ದಿನ ಉತ್ತರ ಬಂತು. ಬಣ್ಣದ ಕೈಗೆ ಎರಡು ಪದರ ಬೂದಿ ಹಚ್ಚಬಹುದು. ಇಷ್ಟು ಹೇಳುವುದಕ್ಕೆ ಒಂದು ತಿಂಗಳು ತಿಂದರು ಪುಣ್ಯಾತ್ಮರು.

ಅಷ್ಟು ಹೊತ್ತಿಗೆ ಮಗಳಿಗೆ ದಿನ ತುಂಬುತ್ತಾ ಬಂದಿತ್ತು.

ಮರುದಿನ ಬೆಳಿಗ್ಗೆ ಬಣ್ಣದಾಕೆ ಕೂತಳು. ಎರಡು ಪದರ ಬೂದಿ. ನೀಲಿ ಮುಚ್ಚಿಹೋಯಿತು. ಕೈ ಚಾಚಿ, ಕೈ ತೋರಿಸಿ. ಕೈ ಚಾಚಿ, ಕೈ ತೋರಿಸಿ. ಮಾಗಿಯ ಗಾಳಿ ಬೀಸಿದರೆ ಅವಳು ಅಂಗೈಯನ್ನು ಮೊಣಕಾಲುಗಳ ನಡುವೆ ಮರೆ ಮಾಡುವಳು. ಇಬ್ಬನಿ ಬಿದ್ದರೆ ಬೂದಿ ಕದಡೀತು ಅಂತ ಹೆದರುವಳು. ಯಾರಾದರೂ ಸೀನಿದರೂ ಮೊದಲು ತನ್ನ ಅಂಗೈ ನೋಡಿಕೊಳ್ಳುವಳು.

ಮಧ್ಯಾಹ್ನ ಮಗಳು ಬರುವಳು. ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದುಕೊಂಡು, ನಿಧಾನವಾಗಿ. ಬಟ್ಟಲಿನಲ್ಲಿ ತಣ್ಣೀರಿಗೆ ನೆನೆಹಾಕಿದ ಅವಲಕ್ಕಿ. ಬೆಂಕಿ ಕಾಣದ ಮನೆಯಲ್ಲಿ ಇನ್ನೇನು ಇರುತ್ತದೆ? ಅಕ್ಕಪಕ್ಕದವರು ಒಂದು ಹೊತ್ತು ಸಾರು ಕೊಟ್ಟಾರು, ಕೆಂಡ ಕೊಡಲಾರರು. ಮಗಳು ಅವ್ವನ ಬಾಯಿಗೆ ತುತ್ತಿಡುವಳು. ನನಗೆ ಹಿಂದೆ ಮುಂದೆ ಯಾರೂ ಇಲ್ಲ ಅಂತ ತಿಳಿದ ಮೇಲೆ ನನಗೂ ಹಗ್ಗದಜ್ಜಿಗೂ ಒಂದೊಂದು ತುತ್ತು ಇಡುವಳು. ಅವಳ ಬೆರಳುಗಳು ಹಿಮದ ಹಾಗೆ ತಣ್ಣಗಿರುತ್ತಿದ್ದವು.

ಒಂದು ದಿನ ತುತ್ತಿಡುತ್ತಿದ್ದವಳು ತಟ್ಟನೆ ನಿಂತಳು.

"ಅವ್ವಾ, ಇಲ್ಲಿ ಕೈ ಇಡು. ಒದೀತಾ ಇದೆ ನೋಡು."

ಅವ್ವನ ಕೈ ಏಳಲಿಲ್ಲ. ಅಂಗೈ ಆಕಾಶಕ್ಕೆ ಮಾಡಿಕೊಂಡೇ ಮುಂದಕ್ಕೆ ಬಾಗಿದಳು, ಬಾಗಿ ಕೆನ್ನೆಯನ್ನು ಮಗಳ ಹೊಟ್ಟೆಗೆ ಆನಿಸಿದಳು. ಬಹಳ ಹೊತ್ತು ಹಾಗೇ ಇದ್ದಳು. ನನಗೆ ನೋಡಲಾಗಲಿಲ್ಲ, ಮುಖ ತಿರುಗಿಸಿದೆ. ಕಣ್ಣು ಒರೆಸಿಕೊಳ್ಳಲು ನನಗೂ ಕೈ ಇರಲಿಲ್ಲ.

ಹುಣ್ಣಿಮೆ ಬಂತು. ಬೆಳಿಗ್ಗೆ ಬಾಗಿಲವನು ಬೂದಿ ಹಚ್ಚುವಾಗ ಬಣ್ಣದಾಕೆ ಕೇಳಿದಳು, ಯಜಮಾನರ ಮಾತಿಗೆ ಒಳಗೆ ಏನಂದರು ಅಂತ. ಸಂಜೆಯೊಳಗೆ ಹೇಳ್ತಾರೆ ಅಂತ ಅವನು ಹೇಳಿದ. ಬರದಿದ್ದರೆ ಅಂದಳು. ಅವನು ಪಕ್ಕದವನ ಕೈಗೆ ಬೂದಿ ಹಚ್ಚಲು ಹೋದ. ಆದರೂ ಅವಳು ಸಂಜೆ ಎತ್ತಬೇಕಾದ ಗುಂಡುಕಲ್ಲನ್ನು ಆಗಾಗ ನೋಡುತ್ತಾ, ಭುಜ ಸಡಿಲ ಮಾಡಿಕೊಳ್ಳುತ್ತಾ ಕೂತಳು. ಖಾಲಿ ಕುಡಿಕೆಯನ್ನು ತೊಳೆದು ತಂದು ಪಾದದ ಹತ್ತಿರ ಇಟ್ಟುಕೊಂಡಿದ್ದಳು.

ಮಧ್ಯಾಹ್ನ ಮಗಳು ಬರುವುದು ತಡವಾಯಿತು. ನಾವೆಲ್ಲ ಬೀದಿಯ ಕಡೆಗೇ ಕಣ್ಣು ನೆಟ್ಟಿದ್ದೆವು. ಬಿಸಿಲು ವಾಲಿದ ಮೇಲೆ ಬಂದಳು. ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ಗೋಡೆಗೆ ಒರಗಿಸಿದ್ದ ಸೌದೆಗಳು ಅವಳ ಕೈ ತಾಗಿ ಒಂದೊಂದೇ ಬೀಳುತ್ತಿದ್ದವು. ಅಂಗಳದ ನಡುವೆ ಬಂದಳು, ಬಟ್ಟಲು ಕೆಳಗೆ ಬಿತ್ತು, ಅವಲಕ್ಕಿ ಚೆಲ್ಲಿತು. ಅವಳು ಅಲ್ಲೇ ಕುಸಿದು ಕೂತಳು.

"ಅವ್ವಾ," ಅಂದಳು. "ಮನೇಲಿ ಒಬ್ಳಿಗೇ ಹೆದ್ರಿಕೆ ಆಯ್ತು."

ಸಾಲು ಅಲ್ಲಾಡಲಿಲ್ಲ. ಅಷ್ಟೂ ಕೈಗಳು ಆಕಾಶ ನೋಡುತ್ತಾ ಹಾಗೇ ಇದ್ದವು. ಸೂರ್ಯ ಮುಳುಗಲು ಇನ್ನು ಸ್ವಲ್ಪ ಹೊತ್ತು ಇತ್ತು. ಅಷ್ಟು ಹೊತ್ತು ಕಳೆದರೆ ಬಣ್ಣದಾಕೆಗೆ ಕೆಂಡ ಸಿಗಬಹುದು, ಕೆಂಡ ಸಿಕ್ಕರೆ ಮಗಳು ಬದುಕುತ್ತಾಳೆ, ಮಗು ಬದುಕುತ್ತದೆ. ಅಷ್ಟು ಹೊತ್ತು ಮಗಳು ಕಾಯಬೇಕು. ಬಣ್ಣದಾಕೆ ತನ್ನ ಅಂಗೈ ನೋಡಿದಳು. ಮಗಳನ್ನು ನೋಡಿದಳು. ಮಗಳು ಹಲ್ಲು ಕಚ್ಚಿ ನರಳಿದಳು. ಬಣ್ಣದಾಕೆ ಮತ್ತೆ ಅಂಗೈ ನೋಡಿಕೊಳ್ಳಲಿಲ್ಲ.

"ತಾಯಿ, ಬೂದಿ," ಅಂದ ಬಾಗಿಲವನು, ಮೆಲ್ಲಗೆ. ತಡೆಯಲು ಅಂದನೋ, ಎಚ್ಚರಿಸಲು ಅಂದನೋ, ಇವತ್ತಿಗೂ ನನಗೆ ತಿಳಿಯದು.

ಅವಳು ಅಷ್ಟರಲ್ಲಿ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಾಗಿತ್ತು. ಮಗಳ ಕಪ್ಪು ಕೂದಲಿನ ಮೇಲೆ ಬೂದಿಯ ಬೆರಳುಗಳು ಮೂಡಿದವು. ಹಗ್ಗದಜ್ಜಿ ಗೊಣಗುತ್ತಾ ಎದ್ದಳು. ಎಷ್ಟೋ ಕಾಲದಿಂದ ಕಾಯ್ದ ಬೂದಿಯನ್ನು ಸೀರೆಗೆ ಒರೆಸಿಕೊಂಡಳು, ಸೆರಗು ಸಿಕ್ಕಿಸಿದಳು, ಗಂಡಸರೆಲ್ಲ ಬೆನ್ನು ತಿರುಗಿಸಿ ಮರೆ ಹಿಡೀರೋ ಅಂತ ಗದರಿದಳು. ನನ್ನ ಕಂಬಳಿ ದೊಡ್ಡದಿತ್ತು, ದೋಣಿಯಲ್ಲಿ ಹೊದೆಯುತ್ತಿದ್ದದ್ದು. ಬಿಚ್ಚಿ ಹಿಡಿದೆ. ನನ್ನ ಪಕ್ಕದವನು ಇನ್ನೊಂದು ಅಂಚು ಹಿಡಿದ, ಅವನ ಪಕ್ಕದವನು ನಡುವೆ ಹಿಡಿದ. ಸಾಲಿಗೆ ಸಾಲೇ ಎದ್ದು ನಿಂತಿತು. ಕರಿ ಕಂಬಳಿಯ ತುಂಬ ಬೂದಿಯ ಅಂಗೈಗಳು ಅಚ್ಚೊತ್ತಿದವು.

ಕಂಬಳಿಯ ಆಚೆ ಏನಾಗುತ್ತಿದೆ ಅಂತ ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ಅಜ್ಜಿಯ ದನಿ, ಅವ್ವನ ದನಿ, ಮಗಳ ಕೂಗು. ನನ್ನದು ಎಷ್ಟೋ ದಿನದಿಂದ ಕೆಲಸ ಕಾಣದ ತೋಳು, ಕಂಬಳಿಯೇ ಭಾರವಾಗಿತ್ತು. ಸೂರ್ಯ ಮನೆಗಳ ಹಿಂದೆ ಇಳಿಯುತ್ತಿದ್ದ. ಕೂಗು ನಿಂತಿತು. ಏನೂ ಕೇಳಿಸಲಿಲ್ಲ. ಅಯ್ಯೋ ದೇವರೇ, ಆ ಹೊತ್ತು ಇದೆಯಲ್ಲ, ಅದು ಎಲ್ಲಾ ಅಮಾವಾಸ್ಯೆಗಳಿಗಿಂತ ಉದ್ದ ಇತ್ತು. ಆಮೇಲೆ ಮಗು ಅತ್ತಿತು. ತೆಳ್ಳಗೆ ಅತ್ತಿತು. ಹೆಣ್ಣು ಮಗು ಅಂತ ಅಜ್ಜಿ ಹೇಳಿದಳು, ಮೈ ತಣ್ಣಗಿದೆ, ಆ ಕಂಬಳಿ ಇತ್ತ ಕೊಡು ಅಂದಳು.

ತಾಯಿ ಮಗು ಇಬ್ಬರನ್ನೂ ಅದೇ ಕಂಬಳಿಯಲ್ಲಿ ಸುತ್ತಿದರು. ಮಗುವಿನ ಅಳು ಸಣ್ಣದಾಗುತ್ತಾ ಬಂತು. ಅದರ ತುಟಿ ನೀಲಿಯಾಗುತ್ತಿತ್ತು. ಅಜ್ಜಿ ಅದರ ಪಾದ ಉಜ್ಜುತ್ತಾ, ಶಾಖ ಬೇಕು, ಈಗಲೇ ಬೇಕು ಅಂದಳು.

ಸಂಜೆಯಾಗಿತ್ತು. ಬಾಗಿಲವನು ಮೆಟ್ಟಿಲಿಳಿದು ಬಂದ. ಬಂದು, ದಿನಾ ಹೇಳುವುದನ್ನೇ ಹೇಳಿದ.

"ಕೈ ತೋರಿಸಿ."

ಬಣ್ಣದಾಕೆ ತೋರಿಸಿದಳು. ಬೂದಿ ಎಲ್ಲೂ ಇರಲಿಲ್ಲ. ರಕ್ತ ಇತ್ತು, ರಕ್ತದ ಕೆಳಗೆ ನೀಲಿ ಇತ್ತು. ನಾವೂ ತೋರಿಸಿದೆವು. ಅಷ್ಟೂ ಕೈಗಳಲ್ಲಿ ಒಂದರಲ್ಲೂ ಬೂದಿ ನೆಟ್ಟಗಿರಲಿಲ್ಲ.

"ಈ ಕೈ ಕೆಲಸ ಮಾಡಿದೆ ತಾಯಿ," ಅಂದ ಅವನು.

"ಮಾಡಿದೆ," ಅಂದಳು ಬಣ್ಣದಾಕೆ. "ಇದು ಕೆಲಸ ಅಂತ ನೀವೇ ಅಂದ್ರಿ. ಇವರೆಲ್ಲ ಕೇಳಿಸ್ಕೊಂಡಿದಾರೆ. ಯಾರ ಅಂಗಳದಲ್ಲಿ ದುಡಿದ್ರೋ ಆ ಅಂಗಳದವರು ಸಂಜೆ ಕೆಂಡ ಕೊಡಬೇಕು. ನಾನು ನಿಮ್ಮ ಅಂಗಳದಲ್ಲಿ ದುಡಿದೀನಿ. ಕೊಡಿ."

ಕೂಗಾಡಲಿಲ್ಲ ಅವಳು. ಕಾಲ ಬಳಿ ಇದ್ದ ಕುಡಿಕೆ ಎತ್ತಿ ಚಾಚಿದಳು ಅಷ್ಟೆ. ಬಾಗಿಲವನ ಹತ್ತಿರ ಎಷ್ಟೋ ಪ್ರಶ್ನೆಗಳಿದ್ದವು, ಇದಕ್ಕೆ ಯಾವುದೂ ಹೊಂದಲಿಲ್ಲ. ತಿರುಗಿ ಮೆಟ್ಟಿಲು ಹತ್ತಿ ಕಿಂಡಿಯ ಹತ್ತಿರ ಹೋದ. ಕಿಂಡಿಗೆ ಬಾಯಿಟ್ಟು ಏನೋ ಕೇಳಿದ. ಒಳಗಿಂದ ಏನೋ ಗೊಣಗಿದ ಹಾಗಾಯಿತು. ಮತ್ತೆ ಕೇಳಿದ. ಈ ಸಲ ದನಿ ಏರಿಸಿ ಕೇಳಿದ, ಮಗು ಅಂತ ಅಂದದ್ದು ನಮಗೂ ಕೇಳಿಸಿತು. ಒಳಗೆ ಏನಂದರು ಅಂತ ನಾನು ಕೂಗಿ ಕೇಳಿದೆ.

"ಒಳಗೆ ಕೇಳಿ ಹೇಳ್ತೀವಿ ಅಂದ್ರು," ಅಂದ ಅವನು.

ಒಳಗಿನವರಿಗೂ ಒಂದು ಒಳಗು ಇತ್ತು ಅಂತ ಅವನಿಗೂ ಅವತ್ತೇ ಗೊತ್ತಾದದ್ದು.

ಅದೇ ಹೊತ್ತಿಗೆ ಇಕ್ಕಳ ಹೊರಗೆ ಬಂತು. ದಿನದ ಹಾಗೆಯೇ, ಅವನ ಕೂಲಿಯ ಕೆಂಡ ಹಿಡಿದುಕೊಂಡು ಬಂತು. ಅವನು ಕುಡಿಕೆ ಒಡ್ಡಿದ. ಕೆಂಡ ಬಿತ್ತು. ಇಕ್ಕಳ ಒಳಗೆ ಹೋಯಿತು. ಅವನು ಕುಡಿಕೆಗೆ ಕೈ ಮರೆ ಮಾಡಿಕೊಂಡು ಮೆಟ್ಟಿಲಿಳಿದ. ಇಳಿದು, ದಿನದ ಹಾಗೆ ಮನೆಯ ಕಡೆಗೆ ನಾಲ್ಕು ಹೆಜ್ಜೆ ಹೋದ. ಹೋಗು, ಹೋಗಿ ಬೆಚ್ಚಗೆ ಮಲಗು ಅಂತ ನಾನು ಮನಸ್ಸಿನಲ್ಲೇ ಶಪಿಸಿದೆ. ಕಂಬಳಿಯೊಳಗಿಂದ ಮಗು ಬಿಕ್ಕಿದ ಹಾಗೆ ಒಂದು ಸದ್ದು ಬಂತು.

ಅವನು ನಿಂತ. ತಿರುಗಿ ಬಂದ. ಬಣ್ಣದಾಕೆಯ ಮುಂದೆ ಬಂದು ತನ್ನ ಕುಡಿಕೆಯನ್ನು ಅವಳ ಕುಡಿಕೆಗೆ ಬಗ್ಗಿಸಿದ. ಕೆಂಡ ಉರುಳಿ ಬಿತ್ತು. ಅದು ಬಿದ್ದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಹೋಗಿ ತಾಯಿ, ಗಾಳಿಗೆ ಆರೀತು," ಅಂದ.

ಅವಳು ಅವನ ಮುಖ ನೋಡಿದಳು. ಮಾತಾಡುತ್ತಾ ನಿಲ್ಲುವ ಹೊತ್ತಲ್ಲ ಅದು. ನಾವು ಮಗಳನ್ನು ಕಂಬಳಿ ಸಮೇತ ಎತ್ತಿಕೊಂಡೆವು, ಅಜ್ಜಿ ಮಗುವನ್ನು ಎದೆಗೆ ಕಟ್ಟಿಕೊಂಡಳು, ಬಣ್ಣದಾಕೆ ಕುಡಿಕೆ ಹಿಡಿದು ಮುಂದೆ ಓಡಿದಳು. ದಾರಿಯಲ್ಲಿ ಕೈಗೆ ಸಿಕ್ಕಷ್ಟು ಸೌದೆಯನ್ನು ಆ ಗೋಡೆಯಿಂದಲೇ ಎಳೆದುಕೊಂಡೆ. ನಾನು ಒರಗಿಸಿದ್ದ ಸೌದೆ ತಾನೇ? ಆ ರಾತ್ರಿ ಅವಳ ಮನೆಯಲ್ಲಿ ಅಗ್ಗಿಷ್ಟಿಕೆ ಹೊತ್ತಿತು, ಹಂಡೆಯಲ್ಲಿ ನೀರು ಕಾಯಿತು. ಮಗುವಿನ ತುಟಿ ಕೆಂಪಗಾಯಿತು. ಹಗ್ಗದಜ್ಜಿ ಬೆಂಕಿಯ ಮುಂದೆ ಕೂತು, ಓಹೋ ಈ ಬಣ್ಣವಾ ಅಂತ ಹೇಳಿ ಅಳತೊಡಗಿದಳು.

ಅಮಾವಾಸ್ಯೆ ಬಂದು ಹೋಯಿತು. ಮರುದಿನ ಬೆಳಿಗ್ಗೆ ನಾವು ಮತ್ತೆ ಅಂಗಳದಲ್ಲಿ ಕೂತೆವು, ಮೊದಲಿಂದ. ಬಾಗಿಲು ತೆರೆದು ಬೇರೊಬ್ಬ ಹೊರಗೆ ಬಂದ. ಇವನೂ ಮೆದು ದನಿಯವನೇ, ಬಲು ಮರ್ಯಾದಸ್ಥ. ಹಳೆಯ ಬಾಗಿಲವನು ನನ್ನ ಎಡಕ್ಕೆ, ಬಣ್ಣದಾಕೆ ಕೂರುತ್ತಿದ್ದ ಜಾಗದಲ್ಲಿ ಕೂತಿದ್ದ. ಹೊಸಬ ಅವನ ಮುಂದೆ ನಿಂತ.

"ಕೆಲಸ ನಿಮ್ಮನ್ನ ಬಿಡ್ತೋ ಅಣ್ಣ, ನೀವು ಕೆಲಸ ಬಿಟ್ರೋ?"

ಆ ಪ್ರಶ್ನೆಯನ್ನು ಊರಿಗೆಲ್ಲ ಕೇಳಿದವನು ಅವನು. ಯೋಚಿಸಿದ. ನನಗೆ ಗೊತ್ತಿಲ್ಲ ಅಂದ. ಒಳಗೆ ಕೇಳಿ ಹೇಳ್ತೀನಿ ಅಂದ ಹೊಸಬ. ಆಮೇಲೆ ಅವನ ಕೈಗೆ ಬೂದಿ ಹಚ್ಚಲು ಬಗ್ಗಿದವನು ಅಂಗೈ ನೋಡಿ ನಿಂತ. ಹಚ್ಚುವ ಮೊದಲೇ ಅದು ಬೂದುಬಣ್ಣ ಇತ್ತಲ್ಲ. ಇದರ ಮೇಲೆ ಬೂದಿ ಇದೆಯೋ ಇಲ್ಲವೋ ಸಂಜೆ ಹೇಗೆ ತಿಳಿಯಬೇಕು, ಇದನ್ನೂ ಒಳಗೆ ಕೇಳಬೇಕು ಅನ್ನುತ್ತಲೇ ಬೂದಿ ಹಚ್ಚಿದ. ನಾನು ನಕ್ಕೆ. ನಗಬಾರದಿತ್ತು, ಆದರೂ ನಕ್ಕೆ. ಹಳೆಯ ಬಾಗಿಲವನು ನನ್ನ ಕಡೆ ನೋಡಿ ತಾನೂ ಸ್ವಲ್ಪ ನಕ್ಕ.

ಬಿಸಿಲು ನೆತ್ತಿಗೆ ಬಂತು. ಅವನ ಮನೆಯಿಂದ ಯಾರೂ ಬರಲಿಲ್ಲ. ಅವನಿಗೆ ಯಾರಿದ್ದರು ಅಂತ ಅಷ್ಟು ವರ್ಷ ನಾವೂ ಕೇಳಿದವರಲ್ಲ. ಅಂಗೈ ಆಕಾಶಕ್ಕೆ ಮಾಡಿಕೊಂಡು ಸುಮ್ಮನೆ ಕೂತಿದ್ದ.

ಆಗ ಬೀದಿಯ ತುದಿಯಲ್ಲಿ ಬಣ್ಣದಾಕೆ ಕಾಣಿಸಿದಳು. ಮುಚ್ಚಿದ ಪಾತ್ರೆಯೊಂದನ್ನು ಸೆರಗಿನಲ್ಲಿ ಹಿಡಿದು ತರುತ್ತಿದ್ದಳು. ಬಾಣಂತಿ ಮನೆಯ ಬೆಂಕಿಯನ್ನು ಆರಿಸುವ ಹಾಗಿಲ್ಲ, ಕೆಂಡ ಹೊರಗೆ ಕೊಡುವ ಹಾಗೂ ಇಲ್ಲ, ಅನ್ನಕ್ಕೆ ಮಾತ್ರ ಯಾರ ತಕರಾರೂ ಇರಲಿಲ್ಲ. ಬಂದು ಹಳೆಯ ಬಾಗಿಲವನ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಮುಚ್ಚಳ ತೆಗೆದಳು. ಹಬೆ ಎದ್ದು ಅವನ ಮುಖಕ್ಕೆ ಬಡಿಯಿತು. ನೀಲಿ ಬೆರಳುಗಳಲ್ಲಿ ಅನ್ನ ಕಲಸಿ ತುತ್ತು ಮಾಡಿದಳು. ಅವನ ಬಾಯಿಯ ಹತ್ತಿರ ಒಯ್ದವಳು ತಡೆದು, ಹಿಂದಕ್ಕೆ ತಂದು, ತಾನೇ ಎರಡು ಸಲ ಊದಿದಳು.

"ಬಿಸಿ ಇದೆ ಅಣ್ಣ," ಅಂದಳು. "ನಿಧಾನಕ್ಕೆ ತಿನ್ನಿ."